ಒಂಟಿಜೇನುಗಳ ಚಳಿಗಾಲ

ಪುಷ್ಯಮಾಸದ ಮುಂಜಾವಿನಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಗಳ ಹೊಲದ ಬದುಗಳ ಮೇಲೆ ನಡೆದು ನೋಡಿ. ಮಳೆಗಾಲದಲ್ಲಿ ಗಿಡಗಂಟಿಗಳನ್ನೆಲ್ಲ ತುಂಬಿದ್ದ ಕೀಟಗಳ ಝೇಂಕಾರ ಆಗ ಕೇಳಿಸುವುದಿಲ್ಲ. 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿದ ಈ ಐದು ತಾಲ್ಲೂಕುಗಳು ಮಳೆ ಕಡಿಮೆಯ ಬಯಲುಸೀಮೆ. ಇಲ್ಲಿಯ ಚಳಿ ಹಿಮ ಸುರಿಯುವ ಚಳಿಯಲ್ಲ. ಆದರೆ ಚಳಿಯೊಡನೆ ಒಣಹವೆಯೂ ಕೂಡಿಬರುತ್ತದೆ. ಹಾಗಾದರೆ ಆ ಕೀಟಗಳೆಲ್ಲ ಎಲ್ಲಿ ಹೋದವು? ಸತ್ತುಹೋದವೆ?

ಜೇನು ಎಂದೊಡನೆ ನಮಗೆ ನೆನಪಾಗುವುದು ಹೆಜ್ಜೇನು, ತುಡುವೆ, ಕೋಲುಜೇನುಗಳ ತುಂಬುಸಂಸಾರ. ಆದರೆ ಜಗತ್ತಿನಲ್ಲಿರುವ ಸುಮಾರು 20,000 ಜಾತಿಯ ಜೇನುಗಳಲ್ಲಿ ಹೆಚ್ಚಿನವು ಒಂಟಿಯಾಗಿ ಬಾಳತಕ್ಕವು. ಅವುಗಳಲ್ಲಿ ರಾಣಿಯಿಲ್ಲ, ಆಳುಗಳಿಲ್ಲ. ಪ್ರತಿಯೊಂದು ಹೆಣ್ಣೂ ತಾನೇ ಮನೆ ಕಟ್ಟಿ, ತಾನೇ ಬುತ್ತಿ ಕೂಡಿಸಿ, ತಾನೇ ಮೊಟ್ಟೆಯಿಡಬೇಕು.

ಈ ಮನೆಗಳ ವೈವಿಧ್ಯ ಬೆರಗುಗೊಳಿಸುವಂಥದು. ಕರಿಮೈಯ ದೊಡ್ಡ ದುಂಬಿ ಒಣಮರವನ್ನೋ ಬಿದಿರನ್ನೋ ಕೊರೆದು ಸುರಂಗ ಮಾಡುತ್ತದೆ. ಹೊಟ್ಟೆಯ ಮೇಲೆ ನೀಲಿ ಪಟ್ಟೆಗಳುಳ್ಳ ಜೇನು ನೆಲದಲ್ಲಿಯೂ ಹಳೆಯ ಮಣ್ಣಿನ ಗೋಡೆಗಳಲ್ಲಿಯೂ ಬಿಲ ತೋಡುತ್ತದೆ. ಎಲೆ ಕತ್ತರಿಸುವ ಜೇನು ಗುಲಾಬಿಯಂಥ ಗಿಡಗಳ ಎಲೆಗಳನ್ನು ದುಂಡಗೆ ಕತ್ತರಿಸಿ ತಂದು ಪುಟ್ಟ ಸುರುಳಿಗಳನ್ನು ಕಟ್ಟುತ್ತದೆ. ಒಂದೊಂದು ಕೋಣೆಯಲ್ಲಿ ಪರಾಗ ಮತ್ತು ಮಕರಂದ ಕಲಸಿದ ಒಂದು ಉಂಡೆ. ಅದರ ಮೇಲೆ ಒಂದು ಮೊಟ್ಟೆ. ಬಾಗಿಲು ಮುಚ್ಚಿದ ಮೇಲೆ ಹೆಚ್ಚಿನ ತಾಯಂದಿರು ಆ ಮಗುವಿನ ಮುಖ ನೋಡುವುದೇ ಇಲ್ಲ.

ಒಳಗಿನ ಮರಿ ಬುತ್ತಿಯನ್ನುಂಡು ಬೆಳೆಯುತ್ತದೆ. ಹೊರಗೆ ಚಳಿಯೋ ಬರವೋ ಮುಂದುವರಿದಿದ್ದರೆ ಅನೇಕ ಜಾತಿಗಳ ಮರಿಗಳು ತಮ್ಮ ಬೆಳವಣಿಗೆಯನ್ನೇ ತಡೆಹಿಡಿದು ಸುಪ್ತಾವಸ್ಥೆಯಲ್ಲಿ ಉಳಿಯುತ್ತವೆ. ಉಸಿರಾಟ ಮಂದವಾಗುತ್ತದೆ, ಮೈಯಲ್ಲಿ ಕೂಡಿಟ್ಟ ಕೊಬ್ಬು ಸ್ವಲ್ಪಸ್ವಲ್ಪವೇ ಕರಗುತ್ತದೆ. ಚಳಿಯ ಹೊತ್ತಿನಲ್ಲಿ ದುಂಬಿಗಳಾದರೋ ಬೆಳೆದ ರೂಪದಲ್ಲಿಯೇ ಸುರಂಗದೊಳಗೆ ಅಡಗಿ ಕುಳಿತಿರುತ್ತವೆ. ಆದುದರಿಂದ ಚಳಿಗಾಲದ ಮೌನ ಸಾವಿನ ಮೌನವಲ್ಲ, ಅದು ಕಾಯುವಿಕೆಯ ಮೌನ.

ಶಿವರಾತ್ರಿಗೆ ಚಳಿ ಶಿವ ಶಿವ ಎಂದು ಹೋಗುತ್ತದೆಯೆಂದು ಹಿರಿಯರು ಹೇಳುತ್ತಾರೆ. ಬಿಸಿಲೇರಿದಂತೆ ಬೇವು ಹೂಬಿಡುತ್ತದೆ, ಹೊಂಗೆ ಚಿಗುರಿ ಗೊಂಚಲು ತಳೆಯುತ್ತದೆ. ಆಗ ದುಂಬಿಯ ಝೇಂಕಾರ ಮರಳುತ್ತದೆ. ಬೆಳಗಿನ ತಂಪಿನಲ್ಲಿ ಅದು ಹಾರುವ ಮುನ್ನ ಎದೆಯ ಸ್ನಾಯುಗಳನ್ನು ನಡುಗಿಸಿ ಮೈ ಬಿಸಿಮಾಡಿಕೊಳ್ಳುತ್ತದೆ.

ಇದೇ ನಡುಕ ರೈತನಿಗೂ ಉಪಕಾರಿ. ಬದನೆ ಮತ್ತು ಟೊಮ್ಯಾಟೊ ಹೂಗಳ ಪರಾಗ ಸಣ್ಣ ರಂಧ್ರಗಳುಳ್ಳ ಕೋಶದೊಳಗೆ ಅಡಗಿರುತ್ತದೆ. ದುಂಬಿಯೂ ನೀಲಿಪಟ್ಟೆಯ ಜೇನೂ ಹೂವನ್ನು ಬಿಗಿಯಾಗಿ ಹಿಡಿದು, ರೆಕ್ಕೆ ಬಡಿಯದೆ ಸ್ನಾಯುಗಳನ್ನು ಮಾತ್ರ ಕಂಪಿಸಿ ಆ ಪರಾಗವನ್ನು ಉದುರಿಸುತ್ತವೆ. ತುಡುವೆಜೇನಿಗೆ ಈ ವಿದ್ಯೆ ತಿಳಿಯದು. ತೊಗರಿಯ ಹೂಗಳಿಗೆ ಎಲೆ ಕತ್ತರಿಸುವ ಜೇನು ನೆಚ್ಚಿನ ಅತಿಥಿ.

ಆದರೆ ಮುಂದಿನ ವರ್ಷದ ಈ ನೆರವೆಲ್ಲ ಚಳಿಗಾಲದಲ್ಲಿ ಒಂದು ಒಣಕಡ್ಡಿಯೊಳಗೆ, ಒಂದು ಹಿಡಿ ಮಣ್ಣಿನೊಳಗೆ ಮಲಗಿರುತ್ತದೆ. ಬದುವನ್ನು ಚೊಕ್ಕಟ ಮಾಡುವೆವೆಂದು ಬೆಂಕಿಯಿಟ್ಟರೆ ಕಸದ ಜೊತೆಗೆ ಕಾಣದ ತೊಟ್ಟಿಲುಗಳೂ ಬೂದಿಯಾಗುತ್ತವೆ. ಓಡಿಹೋಗಲು ಅವುಗಳಿಗೆ ಇನ್ನೂ ರೆಕ್ಕೆ ಮೂಡಿರುವುದಿಲ್ಲ. ಹೂಬಿಟ್ಟ ಬೆಳೆಗೆ ಹಾಡಹಗಲಿನಲ್ಲಿ ವಿಷ ಸಿಂಪಡಿಸಿದರೆ ಬುತ್ತಿ ಹೊರುವ ತಾಯಿಯೇ ಸಾಯುತ್ತದೆ. ಕಟ್ಟುತ್ತಿದ್ದ ಮನೆ ಅರ್ಧಕ್ಕೇ ನಿಲ್ಲುತ್ತದೆ.

ಇವುಗಳನ್ನು ಉಳಿಸಲು ಹಣ ಬೇಕಿಲ್ಲ. ಬದುವಿನ ಒಂದು ಮೂಲೆಯನ್ನು ಅಗೆಯದೆ, ಸುಡದೆ ಬಿಟ್ಟರೆ ಸಾಕು. ಒಣಬಿದಿರಿನ ನಾಲ್ಕು ತುಂಡುಗಳನ್ನು ಮಳೆ ತಾಕದ ಕಡೆ ಕಟ್ಟಿದರೆ ಇನ್ನೂ ಒಳ್ಳೆಯದು. ಈ ಸಲದ ಚಳಿಗಾಲದಲ್ಲಿ ನಿಮ್ಮ ಶಾಲೆಯ ಬೇಲಿಯನ್ನೊಮ್ಮೆ ಗಮನಿಸಿ. ಮಣ್ಣು ಮೆತ್ತಿದ, ಎಲೆಯ ಬಿರಡೆಯಿಟ್ಟ ಒಂದು ಪುಟ್ಟ ರಂಧ್ರ ಕಂಡರೆ ಅದನ್ನು ಕೆದಕಬೇಡಿ. ಬೇಸಗೆಯಲ್ಲಿ ಆ ಬಾಗಿಲು ಒಳಗಿನಿಂದ ತೆರೆಯುವುದನ್ನು ತಾಳ್ಮೆಯಿಂದ ಕಾಯಿರಿ.