ತೋಟದ ಲೆಕ್ಕವನ್ನು ಫೋನಿನಲ್ಲಿ ನಾವೇ ನೋಡಿಕೊಳ್ಳುವ ಬಗೆ



ಪಹಣಿಯ ಒಂದು ಪ್ರತಿಗಾಗಿ ಹೋಬಳಿಗೆ ಹೋಗಿ, ಗ್ರಾಮ ಲೆಕ್ಕಿಗರು ಸಿಗದೆ ಸಂಜೆಯ ಬಸ್ಸಿಗೆ ಬರಿಗೈಯಲ್ಲಿ ಹಿಂದಿರುಗುತ್ತಿದ್ದ ಕಾಲವನ್ನು ನಮ್ಮ ಹಿರಿಯ ಸದಸ್ಯರೆಲ್ಲ ಬಲ್ಲರು. 2000ನೇ ಇಸವಿಯ ಸುಮಾರಿಗೆ ಆರಂಭವಾದ ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರವನ್ನು ಸೇರಿದವು, ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ಆ ಮೇಲೆ ಬೆಳೆ, ವಿಮೆ, ಧಾರಣೆ, ಮಳೆ ಇವೆಲ್ಲವೂ ಒಂದೊಂದಾಗಿ ಅದೇ ದಾರಿ ಹಿಡಿದು, ಈಗ ಅಂಗಿಯ ಜೇಬಿನಲ್ಲಿರುವ ಫೋನಿನವರೆಗೂ ಬಂದಿವೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಲ್ಲಿ ಇಂಥ ಫೋನಿಲ್ಲದ ಮನೆ ಈಗ ಅಪರೂಪ. ಆದರೆ ತಮ್ಮ ತೋಟದ ಬಗ್ಗೆ ಸರ್ಕಾರದ ಗಣಕಯಂತ್ರದಲ್ಲಿ ಏನು ಬರೆದಿದೆಯೆಂದು ಅದೇ ಫೋನಿನಲ್ಲಿ ನೋಡಿಕೊಂಡವರು ಕಡಿಮೆ. ಪರಿಹಾರದ ಹಣವಾಗಲಿ, ವಿಮೆಯ ಹಣವಾಗಲಿ ಈ ದಿನಗಳಲ್ಲಿ ತೋಟವನ್ನು ನೋಡಿ ಬರುವುದಿಲ್ಲ, ಆ ಬರಹವನ್ನು ನೋಡಿ ಬರುತ್ತದೆ. ಆದಕಾರಣ ಅದನ್ನು ನೋಡಿಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಿದ್ದೇವೆ. ಓದು ಬಾರದ ಸದಸ್ಯರು ಮನೆಯ ಮಕ್ಕಳಿಂದ ಓದಿಸಿಕೊಂಡರೂ ಸಾಕು.

ಮೊದಲು ಪಹಣಿ. ‘ಭೂಮಿ ಪಹಣಿ’ ಎಂದು ಹುಡುಕಿದರೆ ಕಂದಾಯ ಇಲಾಖೆಯ ಪುಟ ಸಿಗುತ್ತದೆ. ಹುಡುಕಾಟದ ಪಟ್ಟಿಯಲ್ಲಿ ಮೇಲೆ ಬರುವುದೆಲ್ಲ ಸರ್ಕಾರದ್ದಲ್ಲ. ಹಣ ಕೊಟ್ಟು ಮೇಲೆ ಕೂತಿರುವ ಜಾಹೀರಾತುಗಳೂ ಇರುತ್ತವೆ. ವಿಳಾಸದ ಕೊನೆಯಲ್ಲಿ ‘ಗವ್ ಡಾಟ್ ಇನ್’ ಅಥವಾ ‘ನಿಕ್ ಡಾಟ್ ಇನ್’ ಇದ್ದರೆ ಮಾತ್ರ ಮುಂದುವರಿಯಿರಿ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರುಗಳನ್ನು ಕೊಟ್ಟ ನಂತರ ‘ಸರ್ನಾಕ್’ ಎಂಬೊಂದು ಮನೆ ಬರುತ್ತದೆ. ಅನೇಕರು ಇಲ್ಲಿಯೇ ಗಾಬರಿಯಾಗಿ ನಿಲ್ಲಿಸುತ್ತಾರೆ. ಸಾಮಾನ್ಯವಾಗಿ ಅಲ್ಲಿ ಒಂದು ನಕ್ಷತ್ರದ ಗುರುತು ಇರುತ್ತದೆ, ಅದನ್ನೇ ಆರಿಸಿಕೊಂಡು ಹಿಸ್ಸಾ ನಂಬರಿಗೆ ಹೋಗಬಹುದು. ತೆರೆಯ ಮೇಲೆ ಕಾಣುವ ಪಹಣಿ ನಮ್ಮ ತಿಳಿವಳಿಕೆಗೆ ಮಾತ್ರ. ಬ್ಯಾಂಕಿಗೆ ಕೊಡಲು ಶುಲ್ಕ ಕಟ್ಟಿ ಪಡೆದ ಪ್ರತಿಯೇ ಬೇಕು.

ಪಹಣಿಯಲ್ಲಿ ನೋಡಬೇಕಾದ ಕಾಲಂಗಳು ಮೂರು. 9ನೆಯದರಲ್ಲಿ ಖಾತೆದಾರರ ಹೆಸರು, ವಿಸ್ತೀರ್ಣ. ತಂದೆ ತೀರಿಕೊಂಡು ವರ್ಷಗಳಾದರೂ ಅವರ ಹೆಸರೇ ಉಳಿದಿದ್ದರೆ ಪೌತಿ ಖಾತೆ ಮಾಡಿಸುವುದನ್ನು ಮುಂದೂಡಬೇಡಿ. 11ನೆಯದರಲ್ಲಿ ಋಣಗಳು. ಸಾಲ ಪೂರಾ ತೀರಿದ್ದರೂ ಆಧಾರದ ನಮೂದು ಹಾಗೆಯೇ ಉಳಿದಿರುವುದುಂಟು. ಬ್ಯಾಂಕಿನಿಂದ ತೀರುವಳಿ ಪತ್ರ ಪಡೆದು ತೆಗೆಸದಿದ್ದರೆ, ಹೊಸ ಸಾಲ ಕೇಳುವ ದಿನ ಅದು ಅಡ್ಡ ಬರುತ್ತದೆ. 12ನೆಯದು ಸಾಗುವಳಿ ಮತ್ತು ಬೆಳೆ. ನಮ್ಮ ಮುಖ್ಯ ವಿಷಯ ಇಲ್ಲಿಂದಲೇ ಆರಂಭವಾಗುವುದು.

ಈ ಭಾಗದ ಅನೇಕ ಅಡಿಕೆ ತೋಟಗಳು ನೆನ್ನೆ ಮೊನ್ನೆಯವರೆಗೆ ರಾಗಿ, ಶೇಂಗಾ ಬೆಳೆಯುತ್ತಿದ್ದ ಹೊಲಗಳು. ಕೊಳವೆಬಾವಿಯ ನೀರು ಸಿಕ್ಕಿತೆಂದು ಸಸಿ ನೆಟ್ಟೆವು. ಹೊಸದುರ್ಗ, ಹೊಳಲ್ಕೆರೆಯ ಕಡೆ ತೆಂಗಿನ ಸಾಲುಗಳ ನಡುವೆ ಅಡಿಕೆ ಇಟ್ಟವರೂ ಬಹಳ. ತೋಟ ಬದಲಾಯಿತು, ದಾಖಲೆ ಬದಲಾಗಲಿಲ್ಲ. ಈಗ ಬೆಳೆಯನ್ನು ನಮೂದಿಸುವುದು ‘ಬೆಳೆ ಸಮೀಕ್ಷೆ’ ಎಂಬ ಆ್ಯಪಿನ ಮೂಲಕ. 2020ರ ಮುಂಗಾರಿನಿಂದ ರೈತರು ತಾವೇ ಇದನ್ನು ಮಾಡಲು ಅವಕಾಶ ದೊರೆತಿದೆ. ನಾವು ಮಾಡದಿದ್ದರೆ ಸರ್ಕಾರ ನೇಮಿಸಿದ ಊರಿನ ಖಾಸಗಿ ನಿವಾಸಿಯೊಬ್ಬರು ಬಂದು ಮಾಡುತ್ತಾರೆ. ಅವರಿಗೆ ಒಂದೊಂದು ಊರಿನಲ್ಲಿ ನೂರಾರು ತಾಕುಗಳು. ನಮ್ಮ ತೋಟದ ಬೇಲಿಯ ಹೊರಗೆ ಎರಡು ನಿಮಿಷ ನಿಂತು ತೆಂಗು ಕಂಡರೆ ತೆಂಗು ಎಂದು ಬರೆದು ಹೋದಾರು. ಅವರನ್ನು ದೂರಿ ಫಲವಿಲ್ಲ, ನಮ್ಮ ತೋಟವನ್ನು ನಾವೇ ಬಲ್ಲೆವು.

ಮಾಡುವ ಕ್ರಮ ಕಷ್ಟವಲ್ಲ. ಆಯಾ ಹಂಗಾಮಿನ ಆ್ಯಪನ್ನು ಫೋನಿನ ಪ್ಲೇ ಸ್ಟೋರಿನಿಂದಲೇ ಇಳಿಸಿಕೊಂಡು, ಸರ್ವೆ ನಂಬರು ಸೇರಿಸಿ, ತೋಟದೊಳಗೆ ನಿಂತು ಬೆಳೆಯ ಚಿತ್ರ ತೆಗೆಯಬೇಕು. ಮನೆಯ ಜಗಲಿಯಲ್ಲಿ ಕೂತು ಆಗುವ ಕೆಲಸವಲ್ಲ. ಫೋನು ತಾನು ಎಲ್ಲಿದೆಯೆಂದು ಉಪಗ್ರಹದಿಂದ ತಿಳಿದುಕೊಂಡು, ಆ ಸರ್ವೆ ನಂಬರಿನ ಗಡಿಯೊಳಗೆ ಇದ್ದೀರಾ ಎಂದು ನೋಡುತ್ತದೆ. ಗಡಿಯ ಬಗ್ಗೆ ಅನುಮಾನವಿದ್ದರೆ ‘ದಿಶಾಂಕ್’ ಎಂಬ ಇನ್ನೊಂದು ಆ್ಯಪು ನಿಂತ ಜಾಗದ ಸರ್ವೆ ನಂಬರನ್ನು ನಕ್ಷೆಯಲ್ಲಿ ತೋರಿಸುತ್ತದೆ. (ಇದನ್ನು ಹಿಡಿದುಕೊಂಡು ಪಕ್ಕದವರೊಡನೆ ಬದುವಿನ ಜಗಳಕ್ಕೆ ಹೋಗಬೇಡಿರಿ. ಫೋನಿನ ಗುರುತು ಕೆಲವು ಮೀಟರು ಅತ್ತಿತ್ತ ಆಗುತ್ತದೆ, ಹದ್ದುಬಸ್ತಿಗೆ ಭೂಮಾಪಕರೇ ಬೇಕು.) ಅಡಿಕೆ, ತೆಂಗು, ಬಾಳೆ, ಮೆಣಸು ಮಿಶ್ರವಾಗಿದ್ದರೆ ಎಲ್ಲವನ್ನೂ ನಮೂದಿಸಿ, ವಿಸ್ತೀರ್ಣವನ್ನು ಎಕರೆ ಗುಂಟೆಗಳಲ್ಲಿ ಸರಿಯಾಗಿ ಹಂಚಿ. ಬಳಿಕ ದಾಖಲಾದ ಬೆಳೆಯನ್ನು ‘ಬೆಳೆ ದರ್ಶಕ್’ ಆ್ಯಪಿನಲ್ಲಿ ನೋಡಬಹುದು. ತಪ್ಪಿದ್ದರೆ ಅಲ್ಲಿಯೇ ಆಕ್ಷೇಪಣೆ ಹಾಕಬಹುದು, ಆದರೆ ಅದಕ್ಕೆ ಗಡುವು ಉಂಟು. ಗಡುವು ಮೀರಿದ ಮೇಲೆ ಯಾವ ಕಚೇರಿಯ ಬಾಗಿಲು ತಟ್ಟಿದರೂ ಆ ವರ್ಷದ ನಮೂದು ತಿದ್ದಿಸುವುದು ದುಸ್ತರ.

ಇದಕ್ಕೆ ಇಷ್ಟು ಮಹತ್ವ ಕೊಡಲು ಕಾರಣ ಹವಾಮಾನ ಆಧಾರಿತ ಬೆಳೆ ವಿಮೆ. ಅಡಿಕೆಗೆ ವಿಮಾ ಮೊತ್ತದ ಶೇಕಡಾ 5ರಷ್ಟು ಕಂತನ್ನು ನಾವು ಕಟ್ಟುತ್ತೇವೆ, ಉಳಿದುದನ್ನು ರಾಜ್ಯ ಮತ್ತು ಕೇಂದ್ರ ಸರ್ಕಾರಗಳು ಭರಿಸುತ್ತವೆ. ಈ ವಿಮೆಯಲ್ಲಿ ಯಾರೂ ಬಂದು ಉದುರಿದ ಕಾಯಿ ಎಣಿಸುವುದಿಲ್ಲ. ಗ್ರಾಮ ಪಂಚಾಯತಿಗೆ ಹೊಂದಿಸಿದ ಮಳೆಮಾಪನ ಕೇಂದ್ರದ ಅಂಕಿಗಳೇ ಪರಿಹಾರವನ್ನು ನಿರ್ಧರಿಸುತ್ತವೆ. ಕೊಳೆರೋಗದ ಚಿತ್ರಗಳನ್ನು ಎಷ್ಟು ಕಳಿಸಿದರೂ ಲೆಕ್ಕಕ್ಕೆ ಬಾರದು. ಆದರೆ ಪರಿಹಾರ ನಿರ್ಧಾರವಾದ ಮೇಲೆ, ವಿಮೆ ಮಾಡಿಸಿದ ಬೆಳೆ ಮತ್ತು ಸಮೀಕ್ಷೆಯ ಬೆಳೆ ಎರಡನ್ನೂ ತಾಳೆ ನೋಡುತ್ತಾರೆ. ಅಡಿಕೆಗೆ ಕಂತು ಕಟ್ಟಿ, ಸಮೀಕ್ಷೆಯಲ್ಲಿ ತೆಂಗು ಎಂದಿದ್ದರೆ ಪ್ರಸ್ತಾವನೆ ತಿರಸ್ಕೃತವಾಗಬಹುದು. ನೆರೆಯ ತೋಟದವರಿಗೆ ಹಣ ಬಂದು ನಮಗೆ ಬಾರದಿರುವುದರ ಗುಟ್ಟು ಹಲವು ಬಾರಿ ಇಷ್ಟೇ. ರಾಜ್ಯ ಸರ್ಕಾರದ ‘ಸಂರಕ್ಷಣೆ’ ಪುಟದಲ್ಲಿ ಫೋನ್ ನಂಬರು, ಆಧಾರ್ ಅಥವಾ ಪ್ರಸ್ತಾವನೆ ಸಂಖ್ಯೆ ಕೊಟ್ಟು ನಮ್ಮ ವಿಮೆ ಎಲ್ಲಿಗೆ ಬಂತೆಂದು ನೋಡಬಹುದು. ಕಂತು ಕಟ್ಟಿದ ವಾರದಲ್ಲಿಯೇ ಸರ್ವೆ ನಂಬರು, ಬೆಳೆಯ ಹೆಸರು, ವಿಸ್ತೀರ್ಣಗಳನ್ನು ಅಲ್ಲಿ ಪರಿಶೀಲಿಸಿಕೊಳ್ಳಿ. ಅಲ್ಲಿ ಅಳತೆ ಹೆಕ್ಟೇರಿನಲ್ಲಿದ್ದರೆ, 1 ಹೆಕ್ಟೇರ್ ಎಂದರೆ ಸುಮಾರು 2 ಎಕರೆ 19 ಗುಂಟೆ ಎಂದು ಲೆಕ್ಕ ಹಿಡಿಯಿರಿ.

ಇದೇ ರೀತಿಯದು ‘ಫ್ರೂಟ್ಸ್’ ನೋಂದಣಿ, ಅಂದರೆ ಎಫ್.ಐ.ಡಿ. ಸಂಖ್ಯೆ. ಸಂಖ್ಯೆ ಇದ್ದರೆ ಸಾಲದು, ನಮ್ಮ ಎಲ್ಲ ಸರ್ವೆ ನಂಬರುಗಳೂ ಅದಕ್ಕೆ ಸೇರಿರಬೇಕು. 2023ರ ಬರದ ಪರಿಹಾರದ ಹಣ ಈ ದಾಖಲೆಯ ಆಧಾರದ ಮೇಲೆಯೇ ನೇರ ಖಾತೆಗೆ ಬಂದುದು. ಪಾಲುವಿಭಾಗವಾಗಿ ಹೊಸ ಹಿಸ್ಸಾ ಬಂದವರು ರೈತ ಸಂಪರ್ಕ ಕೇಂದ್ರದಲ್ಲಿ ಒಮ್ಮೆ ವಿಚಾರಿಸಿ ಸೇರಿಸಿಕೊಳ್ಳಬೇಕು.

ಇನ್ನು ಧಾರಣೆ. ವಾಟ್ಸಾಪಿನಲ್ಲಿ ಬೆಳಗಾದರೆ ಅಡಿಕೆ ಧಾರಣೆಯ ಪಟ್ಟಿಗಳು ಬಂದು ಬೀಳುತ್ತವೆ; ಕೆಲವು ನೆನ್ನೆಯವು, ಕೆಲವು ಹೋದ ತಿಂಗಳಿನವು. ಕೃಷಿ ಮಾರಾಟ ಇಲಾಖೆಯ ‘ಕೃಷಿ ಮಾರಾಟ ವಾಹಿನಿ’ ಪುಟದಲ್ಲಿ ಮಾರುಕಟ್ಟೆವಾರು ಧಾರಣೆ ತಾರೀಖಿನ ಸಮೇತ ಸಿಗುತ್ತದೆ. ಚಿತ್ರದುರ್ಗದ ಕೆಳಗೆ ಅಪಿ, ಬೆಟ್ಟೆ, ಕೆಂಪುಗೋಟು, ರಾಶಿ ಎಂದು ಬೇರೆ ಬೇರೆಯಾಗಿ ನೋಡಬಹುದು. ಕನಿಷ್ಠ, ಗರಿಷ್ಠ, ಮಾದರಿ ಎಂಬ ಮೂರು ಬೆಲೆಗಳಲ್ಲಿ ನಮ್ಮ ಕಣ್ಣು ಸಹಜವಾಗಿ ಗರಿಷ್ಠಕ್ಕೆ ಹೋಗುತ್ತದೆ. ಅದು ಒಂದೇ ಒಂದು ಒಳ್ಳೆಯ ಲಾಟಿಗೆ ಸಿಕ್ಕ ಬೆಲೆಯೂ ಇರಬಹುದು. ಹೆಚ್ಚಿನ ಮಾಲು ಯಾವ ಬೆಲೆಗೆ ಹೋಯಿತೋ ಅದು ಮಾದರಿ ಬೆಲೆ. ಕನಿಷ್ಠ 45,000, ಗರಿಷ್ಠ 49,000, ಮಾದರಿ 48,500 ಎಂದಿತ್ತೆಂದು ಇಟ್ಟುಕೊಳ್ಳಿ. ಆಗ 46,000ಕ್ಕೆ ಕೇಳುವವರಿಗೆ ಕಾರಣ ಕೇಳುವ ಹಕ್ಕು ನಮಗಿದೆ. ಪಕ್ಕದ ಆವಕದ ಅಂಕಿಯನ್ನೂ ಓದಿ. ಹತ್ತಾರು ಚೀಲ ಮಾತ್ರ ಬಂದ ದಿನದ ಬೆಲೆಯನ್ನು ನಂಬಿ ಮಾಲು ಹಿಡಿದಿಡುವುದು ಬುದ್ಧಿವಂತಿಕೆಯಲ್ಲ. ಖೇಣಿ ಕೊಡುವವರು ಮಾತುಕತೆಗೆ ಕೂರುವ ಮುನ್ನ ಚಿತ್ರದುರ್ಗದ ಜೊತೆಗೆ ಚನ್ನಗಿರಿ, ಶಿವಮೊಗ್ಗದ 15 ದಿನಗಳ ಧಾರಣೆ ಬರೆದಿಟ್ಟುಕೊಂಡರೆ ಮಾತಿಗೆ ಬಲ ಬರುತ್ತದೆ. ಕಾಫಿ ಬೆಳೆಯುವ ಸದಸ್ಯರಿಗೆ ಕಾಫಿ ಮಂಡಳಿಯ ಪುಟದಲ್ಲಿ ದಿನದ ಬೆಲೆ ಲಭ್ಯ.

ಬೇಯಿಸಿದ ಅಡಿಕೆ ಅಂಗಳದಲ್ಲಿರುವಾಗ ಮಳೆಯ ಸುದ್ದಿ ಬೇಕಾದವರು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣ ಮಿತ್ರ’ಕ್ಕೆ, 92433 45433 ಸಂಖ್ಯೆಗೆ, ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ತಮ್ಮ ಊರು, ಹೋಬಳಿ ಹೇಳಿ ಕೇಳಬಹುದು. ಇದಕ್ಕೆ ಸಾದಾ ಫೋನೇ ಸಾಕು. ಅದೇ ಕೇಂದ್ರದ ಪುಟದಲ್ಲಿ ಜಲಾಶಯಗಳ ದಿನದ ಮಟ್ಟವೂ ಇರುತ್ತದೆ. 1933ರ ನಂತರ 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ಹಿರಿಯೂರಿನ ನಮ್ಮ ಸದಸ್ಯರಲ್ಲಿ ಅದನ್ನು ದಿನಕ್ಕೆರಡು ಸಲ ನೋಡದವರು ವಿರಳ! ಸಿಡಿಲಿನ ಮುನ್ಸೂಚನೆಗೆ ‘ದಾಮಿನಿ’, ಐದು ದಿನಗಳ ಹವಾಮಾನ ಮತ್ತು ಬೇಸಾಯ ಸಲಹೆಗೆ ‘ಮೇಘದೂತ್’ ಆ್ಯಪುಗಳಿವೆ.

ಔಷಧಿಯ ಡಬ್ಬಿಯ ಮೇಲಿನ ಇಂಗ್ಲಿಷ್ ಬರಹವನ್ನು ಗೂಗಲ್ ಲೆನ್ಸ್‌ನಿಂದ ಕನ್ನಡದಲ್ಲಿ ಓದಿಕೊಳ್ಳಬಹುದು. ಅರ್ಥ ತಿಳಿಯಲು ಅದು ಸರಿ, ಪ್ರಮಾಣಕ್ಕೆ ಮಾತ್ರ ಡಬ್ಬಿಯ ಮೇಲಿನ ಅಂಕಿಯನ್ನೇ ನೋಡಿ. ತ್ರಿಕೋನದ ಬಣ್ಣ ಕೆಂಪಾಗಿದ್ದರೆ ಅತ್ಯಂತ ವಿಷ, ಆಮೇಲೆ ಹಳದಿ, ನೀಲಿ, ಹಸಿರು ಎಂಬುದಕ್ಕೆ ಯಾವ ಫೋನೂ ಬೇಡ. ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಹೊಸ ಕೃತಕ ಬುದ್ಧಿಯ ಆ್ಯಪುಗಳು ಅರ್ಜಿ ಬರೆಯಲು ನೆರವಾಗುತ್ತವೆ, ಆದರೆ ಸಿಂಪಡಣೆಯ ವಿಷಯದಲ್ಲಿ ಅವು ಧೈರ್ಯವಾಗಿ ತಪ್ಪು ಹೇಳಬಲ್ಲವು. ಅದಕ್ಕೆ ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರವನ್ನೋ, ಕಿಸಾನ್ ಕಾಲ್ ಸೆಂಟರನ್ನೋ (1800 180 1551) ಕೇಳಿ. ಎರಡು ಕಡೆಯೂ ಕನ್ನಡದಲ್ಲಿಯೇ ಉತ್ತರ ಸಿಗುತ್ತದೆ. ಬೆರಳಿನಿಂದ ಕನ್ನಡ ಒತ್ತಲು ಬಾರದವರು ಕೀಲಿಮಣೆಯ ಮೈಕಿನ ಗುರುತು ಒತ್ತಿ ಮಾತಾಡಿದರೆ ಅಕ್ಷರಗಳು ತಾವೇ ಮೂಡುತ್ತವೆ.

ಇಷ್ಟೆಲ್ಲ ಅನುಕೂಲದ ಜೊತೆಗೆ ಕಳ್ಳರೂ ಬಂದಿದ್ದಾರೆ. ಹಣ ಪಡೆಯಲು ಪಿನ್ ಸಂಖ್ಯೆ ಒತ್ತಬೇಕಾಗಿಲ್ಲ, ಕೊಡಲು ಮಾತ್ರ ಒತ್ತಬೇಕು. ಮಾಲಿನ ಮುಂಗಡ ಕಳಿಸುತ್ತೇವೆ, ಪಿನ್ ಒತ್ತಿ ಎನ್ನುವವರು ಕಳ್ಳರು. ವಿಮೆ, ಕಿಸಾನ್ ಸಮ್ಮಾನ್, ಮದುವೆ ಕರೆಯೋಲೆ ಎಂದು ವಾಟ್ಸಾಪಿನಲ್ಲಿ ಬರುವ ‘ಎ.ಪಿ.ಕೆ.’ ಕಡತವನ್ನು ಮುಟ್ಟಬೇಡಿ. ಅದನ್ನು ತೆರೆದರೆ ಬ್ಯಾಂಕಿನ ಓ.ಟಿ.ಪಿ. ಸಮೇತ ಫೋನೇ ಅವರ ಕೈಗೆ ಹೋಗಬಹುದು. ನೋಂದಣಿ ಪತ್ರಗಳಲ್ಲಿನ ಬೆರಳಚ್ಚನ್ನು ನಕಲು ಮಾಡಿ ಆಧಾರ್ ಮೂಲಕ ಖಾತೆಯಿಂದ ಹಣ ತೆಗೆದ ಪ್ರಕರಣಗಳು 2023ರಲ್ಲಿ ನಮ್ಮ ರಾಜ್ಯದಲ್ಲಿಯೇ ವರದಿಯಾದವು. ಜಮೀನಿನ ಪತ್ರ ಮಾಡಿಸಿದವರು ಆಧಾರ್‌ನ ಆ್ಯಪಿನಲ್ಲಿ ಬೆರಳಚ್ಚಿಗೆ ಬೀಗ ಹಾಕಿಕೊಳ್ಳಬಹುದು, ಪಡಿತರಕ್ಕೋ ಬೇರೆ ಕೆಲಸಕ್ಕೋ ಬೇಕಾದಾಗ ತೆರೆದುಕೊಳ್ಳಬಹುದು. ಹಣ ಹೋದದ್ದು ತಿಳಿದ ಕೂಡಲೇ 1930ಕ್ಕೆ ಕರೆ ಮಾಡಿ, ಅನಂತರ ಬ್ಯಾಂಕಿಗೆ ತಿಳಿಸಿ. ಮರ್ಯಾದೆಗೆ ಅಂಜಿ ಮರುದಿನದವರೆಗೆ ಕಾದರೆ ಆ ಹಣ ಖಾತೆಯಿಂದ ಖಾತೆಗೆ ಹಾರಿ ಕೈಗೆ ಸಿಗದಂತಾಗುತ್ತದೆ.