ಹಾಕಿ ಆಟವೂ ದೇಹದಾರ್ಢ್ಯವೂ

ಆಟದ ತಂಡವೊಂದು ಮೇಲಿಂದ ಮೇಲೆ ಸೋಲತೊಡಗಿತೆಂದರೆ ಅದಕ್ಕೆ ಬುದ್ಧಿ ಹೇಳುವವರಿಗೆ ಬರವಿರುವುದಿಲ್ಲ. ಅಂಥ ಬುದ್ಧಿವಾದಗಳಲ್ಲಿ ಎಲ್ಲರಿಗೂ ಥಟ್ಟನೆ ಹೊಳೆಯುವುದು ಒಂದು: ಹುಡುಗರಲ್ಲಿ ಕಸುವಿಲ್ಲ, ಗಟ್ಟಿಮುಟ್ಟಾದ ಆಳುಗಳನ್ನು ಆರಿಸಿ ತನ್ನಿರಿ ಎಂಬುದು. ಹಾಕಿ ಆಟದ ಮಟ್ಟಿಗೆ ಈ ಮಾತು ಎಷ್ಟು ನಿಜವೆಂಬುದನ್ನು ಇಲ್ಲಿ ವಿಚಾರಮಾಡಬೇಕೆಂದಿದ್ದೇವೆ. ಒಪ್ಪಿ ನಡೆದರೂ ಒಪ್ಪದೆ ನಡೆದರೂ ಇದರಿಂದ ಕೆಲವು ಹುಡುಗರ ಆಟವೇ ಮುಗಿದುಹೋಗಬಹುದಾದುದರಿಂದ ಇದು ಬರಿಯ ಹರಟೆಯ ವಿಷಯವಲ್ಲ.

ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳಲ್ಲಿ ಈ ಪ್ರಶ್ನೆಗೆ ವಿಶೇಷವಾದ ಅರ್ಥವುಂಟು. ಸುಳ್ಯದಿಂದ ಸಂಪಾಜೆಯ ದಾರಿಯಾಗಿ ಘಟ್ಟವನ್ನೇರಿದರೆ ಕೊಡಗು ಸಿಕ್ಕುತ್ತದೆ. ಅಲ್ಲಿ ಹಾಕಿಯೆಂಬುದು ಮನೆತನದ ಆಟ. ಘಟ್ಟದ ಕೆಳಗೆ ಜನ ನೆರೆಯುವುದು ಕಬಡ್ಡಿಗೆ, ವಾಲಿಬಾಲಿಗೆ, ಕಂಬಳಕ್ಕೆ. ಪುತ್ತೂರಿನ ಮಹಾಲಿಂಗೇಶ್ವರ ದೇವಸ್ಥಾನದ ಗದ್ದೆಯಲ್ಲಿ ಕೋಟಿ-ಚೆನ್ನಯ ಕಂಬಳದ ಕೋಣಗಳ ಹಿಂದೆ ಓಡುವವರನ್ನು ಕಂಡವರಿಗೆ, ಈ ನಾಡಿನ ತರುಣರಲ್ಲಿ ಕಸುವಿನ ಕೊರತೆಯಿದೆಯೆಂದು ಹೇಳುವ ಧೈರ್ಯ ಬರಲಾರದು. ಅಡಕೆಯ ತೋಟದಲ್ಲಿ ಹೊರೆ ಹೊತ್ತು ಬೆಳೆದ ಹುಡುಗನ ಹೆಗಲನ್ನು ಗರಡಿಯ ಹೆಗಲಿಗೆ ಹೋಲಿಸಿ ನೋಡಬಹುದು. ಆದರೆ ಕಬಡ್ಡಿಯಲ್ಲಿ ಪಳಗಿದ ನಮ್ಮ ಕಣ್ಣು ಹಾಕಿಯನ್ನು ನೋಡುವಾಗಲೂ ಅದೇ ಅಳತೆಗೋಲನ್ನು ಹಿಡಿದು ನೋಡುತ್ತದೆ. ಎದುರಾಳಿಯನ್ನು ತಬ್ಬಿ ಕೆಡಹುವುದು ಕಬಡ್ಡಿಯಲ್ಲಿ ಆಟದ ಜೀವಾಳ. ಹಾಕಿಯಲ್ಲಿ ಎದುರಾಳಿಗೆ ಮೈ ತಗುಲಿಸುವುದೇ ತಪ್ಪು. ಅಷ್ಟೇ ಅಲ್ಲ, ಕಬಡ್ಡಿಯಲ್ಲಿ ಕೂಡ ಹಿರಿಯ ಪುರುಷರ ತೂಕ 85 ಕಿಲೋ ಮೀರಬಾರದೆಂಬ ಕಟ್ಟುಪಾಡುಂಟು. ತೂಕವೇ ಆಟವನ್ನು ನುಂಗಿಬಿಡಬಾರದೆಂದು ಅಲ್ಲಿಯೂ ಕಂಡುಕೊಂಡಿದ್ದಾರೆ.

ಸೋಲುವ ತಂಡಕ್ಕೆ ದೇಹದಾರ್ಢ್ಯವೇ ಮದ್ದೆಂಬ ವಾದವನ್ನು ಎಲ್ಲಕ್ಕಿಂತ ಹೆಚ್ಚು ಕೇಳಬೇಕಾಗಿ ಬಂದದ್ದು ನಮ್ಮ ರಾಷ್ಟ್ರೀಯ ಹಾಕಿ ತಂಡ. 1928ರಿಂದ 1956ರವರೆಗೆ ನಡೆದ ಆರು ಒಲಿಂಪಿಕ್ಸುಗಳಲ್ಲಿಯೂ ಚಿನ್ನ ಗೆದ್ದ ತಂಡವದು. 1973ರ ವಿಶ್ವಕಪ್ಪಿನಲ್ಲಿ ಕೊಡಗಿನ ಎಂ. ಪಿ. ಗಣೇಶರ ನಾಯಕತ್ವದಲ್ಲಿ ಎರಡನೆಯ ಸ್ಥಾನ ಪಡೆಯಿತು. 1975ರಲ್ಲಿ ಕ್ವಾಲಾಲಂಪುರದಲ್ಲಿ ವಿಶ್ವಕಪ್ಪನ್ನೇ ಗೆದ್ದಾಗ ಕೊಡಗಿನವರೇ ಆದ ಬಿ. ಪಿ. ಗೋವಿಂದರು ಆ ತಂಡದಲ್ಲಿದ್ದರು. ಮರುವರ್ಷ ಮಾಂಟ್ರಿಯಲಿನಲ್ಲಿ ಒಲಿಂಪಿಕ್ಸಿನ ಹಾಕಿಯನ್ನು ಮೊದಲ ಸಲ ಕೃತಕ ಹುಲ್ಲಿನ ಮೇಲೆ ಆಡಿಸಿದರು, ನಮ್ಮವರು ಏಳನೆಯವರಾದರು. 1980ರಲ್ಲಿ ಮಾಸ್ಕೋದಲ್ಲಿ ಚಿನ್ನ ಬಂದಿತಾದರೂ 1986ರ ವಿಶ್ವಕಪ್ಪಿನಲ್ಲಿ ಹನ್ನೆರಡು ತಂಡಗಳಲ್ಲಿ ಕಡೆಯ ಸ್ಥಾನ. 2008ರ ಒಲಿಂಪಿಕ್ಸಿಗೆ ಪ್ರವೇಶವೇ ಇಲ್ಲ. ಯುರೋಪಿನವರ, ಆಸ್ಟ್ರೇಲಿಯದವರ ಮೈಕಟ್ಟಿನ ಮುಂದೆ ನಮ್ಮವರು ನಿಲ್ಲಲಾರರು ಎಂಬ ಮಾತು ಆಗ ಗಾದೆಯಂತೆ ಹಬ್ಬಿತ್ತು.

ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಆ ಅರ್ಧ ಯಾವುದೆಂಬುದನ್ನು ತಿಳಿಯಲು ಕೃತಕ ಹುಲ್ಲು ಮಾಡಿದ್ದೇನೆಂಬುದನ್ನು ನೋಡಬೇಕು. ನೆಲದ ಮೇಲಿನ ಹುಲ್ಲಿನಲ್ಲಿ ಚೆಂಡು ತಡೆಯುತ್ತದೆ, ನೆಗೆಯುತ್ತದೆ, ದಾರಿ ತಪ್ಪುತ್ತದೆ. ಅದನ್ನು ಕೋಲಿಗೆ ಅಂಟಿಸಿಕೊಂಡಂತೆ ಆಡುವ ಜಾಣನಿಗೆ ಅಲ್ಲಿ ಬೆಲೆ. ಅವನು ಆಟದ ವೇಗವನ್ನು ತನಗೆ ಬೇಕಾದಂತೆ ಇಳಿಸಬಲ್ಲ. ನೀರು ಚಿಮುಕಿಸಿದ ಕೃತಕ ಹುಲ್ಲಿನ ಮೇಲಾದರೆ ಚೆಂಡು ಗೆರೆ ಎಳೆದಂತೆ ಹರಿಯುತ್ತದೆ. 100 ಗಜ ಉದ್ದ 60 ಗಜ ಅಗಲದ ಅಂಗಳ ಅಷ್ಟೇ ಇದ್ದರೂ ಆಟಗಾರನ ಕಾಲಿಗೆ ಅದು ಹಿಗ್ಗಿದಂತಾಯಿತು. 1990ರ ದಶಕದಲ್ಲಿ ಆಫ್‌ಸೈಡ್ ನಿಯಮವನ್ನು ತೆಗೆದುಹಾಕಿದರು. ಆಟಗಾರರನ್ನು ಎಷ್ಟು ಸಲವಾದರೂ ಬದಲಾಯಿಸಬಹುದೆಂದರು. ದಣಿದವನೆದುರು ದಣಿಯದವನು ಬಂದು ನಿಲ್ಲುವಂತಾಯಿತು. ಹೀಗೆ ಆಟ ಕೇಳಿದ್ದು ಹೆಚ್ಚು ಓಟವನ್ನು. ಹೆಚ್ಚು ಮಾಂಸವನ್ನು ಕೇಳಿದಂತೆ ನಮಗೆ ಕಾಣುವುದಿಲ್ಲ. ಕೊರಿಯದವರು ದೊಡ್ಡ ಮೈಯವರೆಂದು ಯಾರೂ ಹೇಳರು. ಆದರೂ 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ದಕ್ಷಿಣ ಕೊರಿಯ ಎಡೆಬಿಡದೆ ಓಡಿ ಬೆಳ್ಳಿ ಗಳಿಸಿತು.

ಈ ಓಟ ಎಂಥದೆಂಬುದೇ ಮುಖ್ಯವಾದ ಸಂಗತಿ. ಹಾಕಿ ಆಟಗಾರನು ಒಂದೇ ಸಮನೆ ಓಡುವುದಿಲ್ಲ. ಕೆಲವು ಸೆಕೆಂಡು ಪ್ರಾಣಬಿಟ್ಟು ಓಡುತ್ತಾನೆ, ಸಟಕ್ಕನೆ ನಿಲ್ಲುತ್ತಾನೆ, ನಡು ಬಗ್ಗಿಸಿ ಚೆಂಡು ಕಸಿಯುತ್ತಾನೆ, ನಾಲ್ಕು ಹೆಜ್ಜೆ ನಡೆಯುತ್ತಾನೆ, ಮತ್ತೆ ಓಡುತ್ತಾನೆ. ಇಂಥ ಓಟಕ್ಕೆ ಬೇಕಾದ ಶಕ್ತಿ ಮಾಂಸಖಂಡದೊಳಗೆ ಒಣಗಿದ ಚಕ್ಕೆಯ ಹಾಗೆ ಸಿದ್ಧವಾಗಿರುತ್ತದೆ. ಹತ್ತು ಸೆಕೆಂಡಿನೊಳಗೆ ಅದರ ಬಹುಭಾಗ ಉರಿದುಹೋಗುತ್ತದೆ. ಅದು ಮತ್ತೆ ತುಂಬಿಕೊಳ್ಳಲು ಕೆಲವು ನಿಮಿಷಗಳು ಬೇಕು, ಮತ್ತು ತುಂಬುವ ಕೆಲಸಕ್ಕೆ ಆಮ್ಲಜನಕ ಬೇಕು. ಆದುದರಿಂದ ಹೃದಯವೂ ಶ್ವಾಸಕೋಶವೂ ಪಳಗಿದವನಿಗೆ ಎರಡು ಓಟಗಳ ನಡುವಿನ ಚಿಕ್ಕ ಬಿಡುವಿನಲ್ಲಿಯೇ ಬಂಡವಾಳ ಮರಳಿ ಬರುತ್ತದೆ. ಪಳಗದವನು, ಮೈಯಲ್ಲಿ ಎಷ್ಟೇ ಬಲವಿರಲಿ, ಮೂರನೆಯ ಓಟಕ್ಕೆ ಸಾಲಗಾರನಾಗಿರುತ್ತಾನೆ. ಹಳ್ಳಿಯ ಮಾತಿನಲ್ಲಿ ಇದಕ್ಕೆ ದಮ್ಮು ಎಂದು ಹೆಸರು. ದಮ್ಮು ಕಟ್ಟಿದವನ ಕಣ್ಣು ಮೊದಲು ಸೋಲುತ್ತದೆ, ಆಮೇಲೆ ಕಾಲು. ಅವನು ಚೆಂಡಿಗೆ ಅರೆಕ್ಷಣ ತಡವಾಗಿ ಬರುತ್ತಾನೆ. ಕೋಲು ಚೆಂಡಿಗೆ ಬದಲು ಎದುರಾಳಿಯ ಪಾದಕ್ಕೆ ತಗಲುತ್ತದೆ. ಹಸಿರು ಚೀಟಿ ಬಂದರೆ ಎರಡು ನಿಮಿಷ, ಹಳದಿಯಾದರೆ ಕಡಮೆಯೆಂದರೂ ಐದು ನಿಮಿಷ ತಂಡ ಹತ್ತು ಜನರಲ್ಲಿ ಆಡಬೇಕು. ನೋಡುವವರು ಇದನ್ನು ಕೆಚ್ಚಿನ ಕೊರತೆಯೆನ್ನುತ್ತಾರೆ. "ಇನ್ನಷ್ಟು ಒರಟಾಗಿ ಆಡಿರಿ" ಎಂದು ಹುರಿದುಂಬಿಸಿದರೆ ಚೀಟಿಗಳ ಸಂಖ್ಯೆ ಹೆಚ್ಚೀತೇ ಹೊರತು ಬೇರೆ ಫಲ ಕಾಣೆವು.

ಹಾಗಾದರೆ ದಮ್ಮೊಂದಿದ್ದರೆ ಸಾಕೆ? ಅದೂ ಇಲ್ಲ. 2012ರ ಲಂಡನ್ ಒಲಿಂಪಿಕ್ಸಿಗೆ ಮುಂಚೆ ಮೈಕೇಲ್ ನಾಬ್ಸ್ ಎಂಬ ಆಸ್ಟ್ರೇಲಿಯದ ಶಿಕ್ಷಕರೊಂದಿಗೆ ಡೇವಿಡ್ ಜಾನ್ ಎಂಬ ವ್ಯಾಯಾಮ ವಿಜ್ಞಾನಿಯನ್ನೂ ನಮ್ಮ ತಂಡಕ್ಕೆ ನೇಮಿಸಿದ್ದರು. ಕೊಡಗಿನ ವಿ. ಆರ್. ರಘುನಾಥ, ಎಸ್. ವಿ. ಸುನಿಲ್, ಎಸ್. ಕೆ. ಉತ್ತಪ್ಪ ಆ ತಂಡದಲ್ಲಿದ್ದರು. ಆಡಿದ ಆರು ಪಂದ್ಯಗಳನ್ನೂ ಸೋತು ಹನ್ನೆರಡನೆಯವರಾದರು. ಎರಡೇ ವರ್ಷಗಳ ತರುವಾಯ, 2014ರಲ್ಲಿ, ಇದೇ ಮೂವರೂ ಇದ್ದ ತಂಡ ಇಂಚನ್‌ನಲ್ಲಿ ಪಾಕಿಸ್ತಾನವನ್ನು ಸೋಲಿಸಿ ಏಷ್ಯನ್ ಕ್ರೀಡಾಕೂಟದ ಚಿನ್ನ ತಂದಿತು. ಆ ಎರಡು ವರ್ಷಗಳಲ್ಲಿ ಈ ಮೂವರ ಎಲುಬು ಬೆಳೆಯಲಿಲ್ಲವಷ್ಟೆ! ಇವರಲ್ಲಿ ರಘುನಾಥರು ಎತ್ತರದ ಬಲಶಾಲಿ ಆಳು. ಪೆನಾಲ್ಟಿ ಕಾರ್ನರಿನಲ್ಲಿ ಚೆಂಡನ್ನು ಎಳೆದು ಬೀಸಿ ಹೊಡೆಯುವುದಕ್ಕೆ ಅಂಥ ತೊಡೆ, ಅಂಥ ನಡು ಬೇಕೇ ಬೇಕು. ಸೋಮವಾರಪೇಟೆಯ ಸುನಿಲರು ಹಗುರವಾದ ಮೈಯವರು. ಬಲಗಡೆಯ ಅಂಚಿನಲ್ಲಿ ಅವರು ಹೊರಟರೆಂದರೆ ಕಾವಲುಗಾರರಿಗೆ ಧೂಳೇ ಗತಿ. (ಕೃತಕ ಹುಲ್ಲಿನಲ್ಲಿ ಧೂಳೆಲ್ಲಿಯದೆಂದು ಕೇಳಬಾರದು.) ಇಬ್ಬರೂ ಘಟ್ಟದಾಚೆಯ ಒಂದೇ ಜಿಲ್ಲೆಯವರು. ಸುನಿಲರ ಮೈಗೆ ಇಪ್ಪತ್ತು ಸೇರು ಮಾಂಸ ತುಂಬಿದ್ದರೆ ತಂಡಕ್ಕೆ ಲಾಭವಾಗುತ್ತಿತ್ತೆ?

ನಮ್ಮ ವಾದಕ್ಕೆ ಎದುರಾಗಿ ನಿಲ್ಲುವಂತೆ ತೋರುವ ಸಾಕ್ಷ್ಯವೊಂದುಂಟು. ಅದನ್ನು ಮರೆಮಾಚುವುದು ಸರಿಯಲ್ಲ. ನಮ್ಮ ಮಹಿಳಾ ತಂಡ 2016ರಲ್ಲಿ ರಿಯೋದಲ್ಲಿ ಕಡೆಯದಾಗಿತ್ತು. ಆಮೇಲೆ ವೇಯ್ನ್ ಲೊಂಬಾರ್ಡ್ ಎಂಬ ದಕ್ಷಿಣ ಆಫ್ರಿಕದ ತಜ್ಞರು ಆ ಆಟಗಾರ್ತಿಯರ ಮೈಯನ್ನು ವರ್ಷಗಟ್ಟಲೆ ಹುರಿಗೊಳಿಸಿದರು. 2021ರಲ್ಲಿ ಟೋಕಿಯೋದಲ್ಲಿ ಅವರು ಆಸ್ಟ್ರೇಲಿಯವನ್ನು 1-0ಯಿಂದ ಸೋಲಿಸಿ ನಾಲ್ಕನೆಯ ಸ್ಥಾನಕ್ಕೆ ಬಂದರು. ಆ ಒಂದು ಗೋಲನ್ನು ಕಡೆಯವರೆಗೂ ಕಾಪಾಡಿದ್ದರಲ್ಲಿ ಹುರಿಗೊಂಡ ಮೈಯ ಪಾಲು ದೊಡ್ಡದೇ. ಆದರೆ ಹಳೆಯ ಆಟಗಾರ್ತಿಯರನ್ನು ಬಿಟ್ಟು ದೈತ್ಯರನ್ನು ಹುಡುಕಿ ತರಲಿಲ್ಲ. ಇದ್ದವರನ್ನೇ ಓಡಬಲ್ಲವರನ್ನಾಗಿ ಮಾಡಿದರು. ಇನ್ನು ಪುರುಷರ ತಂಡ: 2024ರ ಪ್ಯಾರಿಸ್ಸಿನಲ್ಲಿ ಬ್ರಿಟನ್ನಿನ ಎದುರು ಹದಿನೇಳನೆಯ ನಿಮಿಷದಲ್ಲಿಯೇ ಅಮಿತ್ ರೋಹಿದಾಸರಿಗೆ ಕೆಂಪು ಚೀಟಿ ಬಂದು, ಉಳಿದ ನಲವತ್ತಕ್ಕೂ ಹೆಚ್ಚು ನಿಮಿಷ ಹತ್ತೇ ಜನ ಆಡಬೇಕಾಯಿತು. 1-1ರಲ್ಲಿ ಪಂದ್ಯವನ್ನು ಹಿಡಿದು ನಿಲ್ಲಿಸಿ, ಶೂಟೌಟಿನಲ್ಲಿ 4-2ರಿಂದ ಗೆದ್ದರು. ದಮ್ಮೂ ತಾಳ್ಮೆಯೂ ಜತೆಗೂಡಿದರೆ ಏನಾಗುವುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ನಾವು ಅರಿಯೆವು.

ಈಗ ಶಾಲೆಯ ಮಾತಿಗೆ ಬರೋಣ; ನಿಜವಾದ ಹಾನಿ ಆಗುವುದು ಅಲ್ಲಿಯೇ. ಹದಿಮೂರು ಹದಿನಾಲ್ಕರ ಪ್ರಾಯದಲ್ಲಿ ಒಂದೇ ತರಗತಿಯ ಇಬ್ಬರು ಹುಡುಗರ ನಡುವೆ ಮೈಯ ಬೆಳವಣಿಗೆಯಲ್ಲಿ ಎರಡು ಮೂರು ವರ್ಷಗಳ ಅಂತರವಿರಬಹುದು. ಮೀಸೆ ಮೊಳೆತವನು ಒಬ್ಬ, ದನಿ ಒಡೆಯದವನು ಇನ್ನೊಬ್ಬ. ದೇಹದಾರ್ಢ್ಯವೇ ಬೇಕೆಂದು ಹಟಹಿಡಿದರೆ ಮೊದಲಿನವನಿಗೆ ಕೋಲು ಸಿಕ್ಕುತ್ತದೆ, ಎರಡನೆಯವನಿಗೆ ಚೆಂಡು ಹೆಕ್ಕುವ ಕೆಲಸ. ಹದಿನೆಂಟನೆಯ ವರ್ಷಕ್ಕೆ ಇಬ್ಬರೂ ಸಮನಾಗುತ್ತಾರೆ. ಆದರೆ ಎರಡನೆಯವನು ಆ ವೇಳೆಗೆ ಆಟವನ್ನೇ ಬಿಟ್ಟಿರುತ್ತಾನೆ. ಕೊಡಗಿನಲ್ಲಿ 1997ರಲ್ಲಿ ಕರಡದಲ್ಲಿ ಪಾಂಡಂಡ ಮನೆತನದವರು ಕೌಟುಂಬಿಕ ಹಾಕಿ ಹಬ್ಬವನ್ನು ಆರಂಭಿಸಿದಾಗ 60 ಮನೆತನಗಳು ಸೇರಿದ್ದವು. 2024ರಲ್ಲಿ ನಾಪೋಕ್ಲಿನಲ್ಲಿ 360 ಸೇರಿದವು. ಅಲ್ಲಿ ಮನೆತನದವರಾದರೆ ಸಾಕು, ಹೆಂಗಸರೂ ನರೆತವರೂ ಹುಡುಗರೂ ಒಂದೇ ತಂಡದಲ್ಲಿ ಆಡುತ್ತಾರೆ. ತೂಕ ನೋಡಿ ಯಾರನ್ನೂ ಹೊರಗಿಡುವುದಿಲ್ಲ.

ಘಟ್ಟದ ಕೆಳಗಿನ ಶಾಲೆಗೆ ಕೃತಕ ಹುಲ್ಲಿನ ಅಂಗಳ ದೂರದ ಮಾತು. ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆ ಹಿಡಿದರೆ ಇರುವ ಮಣ್ಣಿನ ಅಂಗಳವೂ ಕೆರೆಯಾಗುತ್ತದೆ. ಆದರೂ ಉದ್ದನೆಯ ಜಗಲಿಯೊಂದಿದ್ದರೆ ಇಪ್ಪತ್ತು ಹೆಜ್ಜೆ ಓಡಿ ನಿಂತು ತಿರುಗುವ ಅಭ್ಯಾಸ ನಡೆಸಬಹುದು. ಅರ್ಧ ನಿಮಿಷ ಬಿಟ್ಟು ಮತ್ತೆ, ಹೀಗೆ ಹತ್ತು ಸಲ. ಬಗ್ಗಿ ಕೋಲು ಹಿಡಿದು ನಿಲ್ಲುವ ನಡುವಿಗೂ ತೊಡೆಯ ಹಿಂಬದಿಗೂ ಬೇರೆ ಸಾಧನೆ ಬೇಕು. ಅದು ಕಬಡ್ಡಿಯವರಿಗೆ ಅರ್ಧ ಬಂದೇ ಇದೆ. ಮಳೆ ಹೊಳವಾದ ಮೇಲೆ ಪಂದ್ಯವೊಂದನ್ನು ಆಡಿಸಿ, ಶಿಕ್ಷಕರು ಮೊದಲ ಹತ್ತು ನಿಮಿಷ ಏನನ್ನೂ ಬರೆದುಕೊಳ್ಳದೆ ಕಡೆಯ ಹತ್ತು ನಿಮಿಷಗಳಲ್ಲಿ ಯಾರ ಕೋಲು ಇನ್ನೂ ಚೆಂಡಿಗೇ ತಗಲುತ್ತಿದೆಯೆಂಬುದನ್ನು ಗುರುತು ಹಾಕಿಕೊಂಡು, ಆ ಹೆಸರುಗಳಿಂದ ತಂಡವನ್ನು ಆರಿಸಲು ತೊಡಗಬಹುದು.