ಹೊಳೆಬಾಯಿ ಕಾಯ್ದ ಸುಲ್ತಾನ್ ಬತ್ತೇರಿ

ಸಿಂಗಟಾಲೂರಿನ ದಂಡೆಯನ್ನು ತೊಳೆದು ಹೋಗುವ ತುಂಗಭದ್ರೆಯನ್ನು 1786ರ ಆಗಸ್ಟ್‌ನಲ್ಲಿ, ಹೊಳೆ ತುಂಬಿ ಹರಿಯುತ್ತಿದ್ದಾಗಲೇ, ಟಿಪ್ಪು ಸುಲ್ತಾನ್ ತೆಪ್ಪ ಹರಿಗೋಲುಗಳಲ್ಲಿ ದಂಡು ಸಮೇತ ದಾಟಿದ್ದ. ನೆರೆ ಇಳಿಯುವ ತನಕ ಅವನು ಬರಲಾರ ಎಂದುಕೊಂಡಿದ್ದ ಮರಾಠರ ಲೆಕ್ಕ ತಪ್ಪಿತು. ಸವಣೂರು, ಗಜೇಂದ್ರಗಡದ ಆ ಕಾಳಗದ ಕತೆ ನಮ್ಮ ಸೀಮೆಯದು. ಆದರೆ ನೀರಿನ ದಾರಿಯಲ್ಲಿ ಶತ್ರು ಹೇಗೆ ಬರುತ್ತಾನೆ ಎಂಬುದನ್ನು ಟಿಪ್ಪು ಅದಕ್ಕೂ ಮೊದಲೇ ಕಡಲತೀರದಲ್ಲಿ ಕಲಿತಿದ್ದ. ಆ ಪಾಠದ ಕುರುಹಾದ ಸುಲ್ತಾನ್ ಬತ್ತೇರಿ ಮಂಗಳೂರಿನ ಬೋಳೂರಿನಲ್ಲಿ, ಗುರುಪುರ ನದಿಯ ದಂಡೆಯ ಮೇಲೆ ಇಂದಿಗೂ ನಿಂತಿದೆ.

1763ರಲ್ಲಿ ಬಿದನೂರು ಗೆದ್ದ ಹೈದರಾಲಿಗೆ ಕರಾವಳಿಯೂ ಕೈಸೇರಿತು. ಘಟ್ಟದಲ್ಲಿ ಸಾಗವಾನಿ ಇತ್ತು, ಕೆಳಗೆ ಹಡಗು ಕಟ್ಟುವ ಕಸುಬುದಾರರಿದ್ದರು. ಮಂಗಳೂರು ಅವನ ನೌಕಾಪಡೆಯ ನೆಲೆಯಾಯಿತು. 1768ರಲ್ಲಿ ಮುಂಬಯಿಯಿಂದ ಬಂದ ಇಂಗ್ಲಿಷರು ಊರನ್ನು ಹಿಡಿದರು. ಹೈದರ್ ಕೆಲವೇ ತಿಂಗಳಲ್ಲಿ ಅದನ್ನು ಮರಳಿ ಪಡೆದ. ದೊಡ್ಡ ಪೆಟ್ಟು ಬಿದ್ದದ್ದು 1780ರ ಡಿಸೆಂಬರ್‌ನಲ್ಲಿ. ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಮಂಗಳೂರಿನ ಮೇಲೆ ಎರಗಿ ಹೈದರನ ಹಡಗುಗಳನ್ನು ನಾಶಮಾಡಿದ. ವರ್ಷಗಟ್ಟಲೆಯ ದುಡಿಮೆ ಅಲ್ಲಿಗೆ ಮುಗಿಯಿತು.

1783ರಲ್ಲಿ ಇಂಗ್ಲಿಷರು ಮತ್ತೆ ಮಂಗಳೂರು ಹಿಡಿದಾಗ, ಕರ್ನಲ್ ಕ್ಯಾಂಪ್‌ಬೆಲ್‌ನ ಪಡೆ ಅಲ್ಲಿನ ಕೋಟೆಯೊಳಗೆ ಕೂತು ಟಿಪ್ಪುವಿನ ಮುತ್ತಿಗೆಯನ್ನು ತಿಂಗಳುಗಟ್ಟಲೆ ತಾಳಿಕೊಂಡಿತು. ಅನ್ನ ಮುಗಿದು, ರೋಗ ಹಬ್ಬಿ ಶರಣಾದದ್ದು 1784ರ ಜನವರಿ 30ರಂದು. ಮಾರ್ಚ್ 11ರಂದು ಮಂಗಳೂರು ಒಪ್ಪಂದವಾಯಿತು. ಬಳಿಕ ಟಿಪ್ಪು ಆ ದೊಡ್ಡ ಕೋಟೆಯನ್ನೇ ಕೆಡವಿಸಿದ. ಬತ್ತೇರಿ ಕಟ್ಟಿಸಿದ್ದೂ ಅದೇ 1784ರಲ್ಲಿ. ಇವೆರಡನ್ನೂ ಒಟ್ಟಿಗೆ ನೋಡಬೇಕೆಂದು ನನಗನಿಸುತ್ತದೆ. ದೊಡ್ಡ ಕೋಟೆ ಕೈತಪ್ಪಿದರೆ ಹಗೆಗೇ ಆಸರೆ. ಪುಟ್ಟ ಬತ್ತೇರಿಯಲ್ಲಿ ಪಡೆ ಕೂತು ಮುತ್ತಿಗೆ ತಾಳಲಾಗದು. ಹೊಳೆಯೊಳಗೆ ನುಗ್ಗುವ ಹಡಗಿಗೆ ಗುಂಡು ಹೊಡೆಯಲು ಮಾತ್ರ ಅದು ಸಾಕು.

ನಮ್ಮೂರುಗಳ ಹಳೆಯ ಹುಡೇವು ಕಂಡವರಿಗೆ ಈ ಕಟ್ಟಡ ಅಪರಿಚಿತ ಅನಿಸದು: ಕಪ್ಪು ಕಲ್ಲಿನ ಗೋಡೆ, ಏರಿಹೋಗಲು ಮೆಟ್ಟಿಲು, ಮೇಲೆ ಸುತ್ತಲೂ ತೋಪಿನ ಕಂಡಿಗಳು. ಅಡಿಯಲ್ಲಿ ಮದ್ದಿನ ಮನೆ. ಎದುರು ದಡದಲ್ಲಿ ತಣ್ಣೀರುಬಾವಿಯ ಮರಳದಿಣ್ಣೆ, ಅದರಾಚೆಗೆ ಅರಬ್ಬೀ ಸಮುದ್ರ. ಗುರುಪುರ ನದಿ ನೇರವಾಗಿ ಕಡಲಿಗೆ ಬೀಳುವುದಿಲ್ಲ. ದಿಣ್ಣೆಯ ಒಳಬದಿಯಲ್ಲೇ ತೆಂಕಣಕ್ಕೆ ಹರಿದು, ನೇತ್ರಾವತಿಯನ್ನು ಕೂಡಿ ಅಳಿವೆ ಸೇರುತ್ತದೆ. ಕಡಲಿಂದ ಒಳಬಂದ ಹಡಗು ಈ ಕಿರಿದಾದ ನೀರಿನಲ್ಲೇ ಮೇಲೇರಬೇಕು. ಎರಡೂ ಕಡೆ ನೆಲ, ಅಗಲವಾಗಿ ಹೊರಳಲು ಜಾಗವಿಲ್ಲ. ಜಾಗ ಆರಿಸಿದವನ ಕಣ್ಣನ್ನು ಮೆಚ್ಚಲೇಬೇಕು.

ಹಡಗಿನ ಹಂಬಲ ಟಿಪ್ಪುವನ್ನು ಕೊನೆತನಕ ಬಿಡಲಿಲ್ಲ. 1796ರಲ್ಲಿ ನೌಕಾಪಡೆಗೆಂದೇ ಪ್ರತ್ಯೇಕ ಆಡಳಿತ ಮಂಡಳಿ ರಚಿಸಿ, ಸುಮಾರು 40 ಯುದ್ಧನೌಕೆಗಳನ್ನು ಕಟ್ಟಲು ಆಜ್ಞೆ ಹೊರಡಿಸಿದ. ಹಡಗುಕಟ್ಟೆಗಳ ಸಾಲಿನಲ್ಲಿ ಮಂಗಳೂರಿನ ಜೊತೆಗೆ ಮಿರ್ಜಾನ್ ಆಸುಪಾಸೂ ಇತ್ತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಆ ಯೋಜನೆ ಅರ್ಧಕ್ಕೇ ನಿಂತಿತು.

ಮುಂದೆ ದೊಡ್ಡ ಹಡಗುಗಳಿಗೆ ಹೂಳು ತುಂಬಿದ ಅಳಿವೆ ಸಾಲದಾಯಿತು. 1970ರ ದಶಕದಲ್ಲಿ ಹೊಸ ಬಂದರು ಬಡಗಣದ ಪಣಂಬೂರಿಗೆ ಹೋಯಿತು. ಬತ್ತೇರಿ ನೋಡಲು ಹೋಗುವವರು ಪಕ್ಕದ ಕಡವಿನಿಂದ ದೋಣಿ ಹತ್ತಿ ತಣ್ಣೀರುಬಾವಿಗೂ ದಾಟಿ ನೋಡಬೇಕು. ತೋಪಿನ ಕಂಡಿಗಳು ಯಾವ ನೀರಿಗೆ ಗುರಿಯಿಟ್ಟಿದ್ದವು ಎಂಬುದು ಹೊಳೆಯ ನಡುವಿನಿಂದಲೇ ಚೆನ್ನಾಗಿ ತಿಳಿಯುತ್ತದೆ.